ವಿಜಯಪುರ ಮಾರ್ಕೆಟ್‌ನ ಸಂಜೆ ಗಾಡಿಗಳು: ಕಡಾಯಿಯಿಂದ ಎತ್ತಿದ ಮೇಲೆ ಏನಾಗುತ್ತದೆ?

ಗಾಂಧಿ ಚೌಕ, ಎಲ್‌ಬಿಎಸ್ ಮಾರ್ಕೆಟ್ ಸುತ್ತಮುತ್ತ, ಸ್ಟೇಷನ್ ರಸ್ತೆ. ಬಿಸಿಲು ಇಳಿದರೆ ಸಾಕು, ವಿಜಯಪುರದಲ್ಲಿ ತಿಂಡಿ ಗಾಡಿಗಳು ಒಲೆ ಹಚ್ಚುತ್ತವೆ. ಮಿರ್ಚಿ ಬಜಿ, ಗಿರಮಿಟ್, ಪಾನಿಪೂರಿ, ಗೋಬಿ, ಎಗ್ ರೈಸ್, ಕಬ್ಬಿನ ಹಾಲು. ರುಚಿ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಈ ವಿಮರ್ಶೆ ಪೂರ್ತಿ ಸ್ವಚ್ಛತೆಯದ್ದು. ಒಂದೇ ತಿನಿಸು ಮಾಡುವ ಗಾಡಿಗಳಲ್ಲೂ ಒಬ್ಬೊಬ್ಬರ ಕೈ ಒಂದೊಂದು ತರಹ ಇರುವುದರಿಂದ ಗಾಡಿಗೆ ಅಂಕ ಕೊಡದೆ ತಿನಿಸಿಗೆ ಅಂಕ ಕೊಟ್ಟಿದೆ. ಯಾವ ಗಾಡಿಯ ಮುಂದೆ ನಿಂತರೂ ಏನು ನೋಡಬೇಕು ಎನ್ನುವುದು ಅಷ್ಟರಿಂದಲೇ ತಿಳಿಯುತ್ತದೆ.

ಮೊದಲಿಗೆ ಒಂದು ಮಾತು. ಆಹಾರದ ನಡುಭಾಗ 75 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರೋಗ ತರುವ ಬಹುತೇಕ ಸೂಕ್ಷ್ಮಾಣುಗಳು ಸಾಯುತ್ತವೆ. ಬಜಿ ಕರಿಯುವ ಎಣ್ಣೆ 170ರಿಂದ 180 ಡಿಗ್ರಿ ಇರುತ್ತದೆ. ಹಾಗಾಗಿ ಕಡಾಯಿಯಿಂದ ಆಗಷ್ಟೇ ಎತ್ತಿದ ಬಜಿಗೆ ಹೆದರಬೇಕಿಲ್ಲ. ಅದರ ಮೇಲೆ ಉದುರಿಸುವ ಹಸಿ ಉಳ್ಳಾಗಡ್ಡಿ, ಪಕ್ಕಕ್ಕೆ ಸುರಿಯುವ ಚಟ್ನಿ, ಅದನ್ನು ಹಾಕಿ ಕೊಡುವ ತಾಟು, ತಾಟು ಒರೆಸುವ ಅರಿವೆ, ರೊಕ್ಕ ಮುಟ್ಟಿದ ಕೈ, ಇವುಗಳಿಗೆ ಹೆದರಬೇಕು. ಬೆಂಕಿ ದಾಟಿದ ಮೇಲೆ ಸೇರಿದ್ದನ್ನು ಸಾಯಿಸಲು ಇನ್ನೊಂದು ಬೆಂಕಿ ಇರುವುದಿಲ್ಲ.

ಗಾಡಿಯವರಿಗೆ ತಿಳಿವಳಿಕೆ ಇಲ್ಲ ಎಂದು ದೂರುವುದು ಸರಿಯಲ್ಲ. ಕೈ ತೊಳೆಯಬೇಕು, ಮುಚ್ಚಿಡಬೇಕು, ನೊಣ ಕೂರಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಎಡವಟ್ಟಾಗುವುದು ಕಣ್ಣಿಗೆ ಕಾಣದ ಕಡೆ. ‘ವಾಸನಿ ಬಂದಿಲ್ಲ ಅಂದ್ರ ಕೆಟ್ಟಿಲ್ಲ’ ಎನ್ನುವ ನಂಬಿಕೆ ಬಹಳ ಗಟ್ಟಿ. ಆದರೆ ವಾಸನೆ ಬರಿಸುವ ಸೂಕ್ಷ್ಮಾಣುಗಳು ಬೇರೆ, ಹೊಟ್ಟೆ ಕೆಡಿಸುವವು ಬೇರೆ. ಎರಡನೆಯ ಗುಂಪು ರುಚಿಯನ್ನೂ ಬಣ್ಣವನ್ನೂ ಕೆಡಿಸದೆ ಬೆಳೆಯುತ್ತದೆ. ‘ಇನ್ನೊಮ್ಮೆ ಬಿಸಿ ಮಾಡಿದ್ರ ಎಲ್ಲಾ ಸತ್ತು ಹೋಗ್ತಾವು’ ಎನ್ನುವುದು ಎರಡನೆಯ ನಂಬಿಕೆ. ಅದು ಎಲ್ಲಿ ಸುಳ್ಳಾಗುತ್ತದೆ ಎನ್ನುವುದು ಎಗ್ ರೈಸ್ ಬಳಿ ಬಂದಾಗ ಗೊತ್ತಾಗುತ್ತದೆ.

ಮಿರ್ಚಿ ಬಜಿ: ಐದಕ್ಕೆ ನಾಲ್ಕು. ಮೆಣಸಿನಕಾಯಿಯೊಳಗೆ ಸವರುವ ಹುಣಸೆಹಣ್ಣು, ಜೀರಿಗೆ, ಉಪ್ಪಿನ ಮಸಾಲೆ ಹುಳಿಯಾದ್ದರಿಂದ ಬೇಗ ಕೆಡುವುದಿಲ್ಲ. ನೋಡಬೇಕಾದದ್ದು ಹಿಟ್ಟು ಮತ್ತು ಎಣ್ಣೆ. ಒಣ ಕಡಲೆಹಿಟ್ಟು ತಿಂಗಳು ಇದ್ದರೂ ಏನಾಗುವುದಿಲ್ಲ. ನೀರು ಬಿದ್ದ ಗಳಿಗೆಯಿಂದ ಅದು ಸೂಕ್ಷ್ಮಾಣುಗಳಿಗೆ ಹೊಲ. ಮಧ್ಯಾಹ್ನ ಮೂರಕ್ಕೆ ಐದು ಕೆಜಿ ಕಲಸಿಟ್ಟು ರಾತ್ರಿ ಹತ್ತರ ತನಕ ಅದರಲ್ಲೇ ಅದ್ದುವ ಗಾಡಿಗಿಂತ, ಒಂದು ಕೆಜಿ ಮುಗಿದ ಮೇಲೆ ಪಾತ್ರೆ ತೊಳೆದು ಇನ್ನೊಂದು ಕೆಜಿ ಕಲಸುವ ಗಾಡಿ ಎಷ್ಟೋ ವಾಸಿ. ಉಳಿದ ಹಳೆ ಹಿಟ್ಟಿನ ಮೇಲೆ ಹೊಸ ಹಿಟ್ಟು ಸುರಿದು ಕಲಸಿದರೆ ಹಳೆಯದರಲ್ಲಿ ಬೆಳೆದದ್ದೆಲ್ಲ ಹೊಸದಕ್ಕೂ ದಾಟುತ್ತದೆ.

ಎಣ್ಣೆ ವಿಷಯದಲ್ಲಿ ಕಾನೂನೇ ಲೆಕ್ಕ ಕೊಟ್ಟಿದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಪದೇ ಪದೇ ಕಾದು ಕೆಟ್ಟಾಗ ಹುಟ್ಟುವ ವಸ್ತುಗಳು, ಶೇ 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. 2018ರ ಜುಲೈ 1ರಿಂದ ದೇಶದಾದ್ಯಂತ ಈ ನಿಯಮ ಜಾರಿಯಲ್ಲಿದೆ. ಅಳೆಯುವ ಮೀಟರ್ ಗಾಡಿಯಲ್ಲಿ ಇರುವುದಿಲ್ಲ, ಗಿರಾಕಿಯ ಕಿಸೆಯಲ್ಲೂ ಇರುವುದಿಲ್ಲ. ಕಣ್ಣಿಗೆ ಕಾಣುವ ಗುರುತುಗಳು ಮಾತ್ರ ಇವೆ. ಹೊಸ ಎಣ್ಣೆಯಲ್ಲಿ ಬಜಿ ಬಿಟ್ಟಾಗ ಏಳುವ ಗುಳ್ಳೆ ದೊಡ್ಡದು, ಬಜಿಯ ಸುತ್ತಲೇ ಇದ್ದು ಒಡೆದುಹೋಗುತ್ತದೆ. ದಣಿದ ಎಣ್ಣೆಯಲ್ಲಿ ಸಣ್ಣ ನೊರೆ ಕಡಾಯಿಯ ಅಂಚಿನ ತನಕ ಹರಡಿ ಹಾಗೇ ನಿಲ್ಲುತ್ತದೆ. ಬಜಿ ಬಿಡುವ ಮೊದಲೇ ಹೊಗೆ ಏಳುತ್ತದೆ, ಸೌಟಿನಿಂದ ಎಣ್ಣೆ ದಾರದಂತೆ ಇಳಿಯುತ್ತದೆ, ಕಡಾಯಿಯ ಒಳಗೋಡೆಗೆ ಕಂದು ಗೋಂದು ಹಿಡಿದಿರುತ್ತದೆ, ತಿಂದ ಮೇಲೆ ಗಂಟಲು ಕೆರೆಯುತ್ತದೆ. ಬರೀ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಮಸಾಲೆ ಬಿದ್ದ ಎಣ್ಣೆ ಬೇಗ ಕಪ್ಪಾಗುತ್ತದೆ, ಆದರೆ ನೊರೆ ಸುಳ್ಳು ಹೇಳುವುದು ಕಡಿಮೆ.

ಎಣ್ಣೆ ಬೇಗ ಹಾಳಾಗಲು ಮೂರು ಕಾರಣ ಮುಖ್ಯ. ತಳದಲ್ಲಿ ಕೂತ ಹಿಟ್ಟಿನ ಚೂರು ಸುಟ್ಟು ಕರಿಯಾಗುವುದು, ಹಿಟ್ಟಿಗೆ ಅಡುಗೆ ಸೋಡಾ ಜಾಸ್ತಿ ಹಾಕುವುದು, ಗಿರಾಕಿ ಇಲ್ಲದಾಗಲೂ ಉರಿ ದೊಡ್ಡದಾಗಿಯೇ ಇರುವುದು. ಝಾರಿಯಿಂದ ಚೂರು ತೆಗೆಯುತ್ತಲೇ ಇರಬೇಕು. ರಾತ್ರಿ ಎಣ್ಣೆ ಸ್ವಲ್ಪ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಮುಚ್ಚಿದ ಸ್ಟೀಲ್ ಡಬ್ಬಿಯಲ್ಲಿ ಇಡಬೇಕು. ಕಡಾಯಿಯಲ್ಲೇ ತೆರೆದಿಟ್ಟರೆ ಗಾಳಿ, ಕಬ್ಬಿಣ ಎರಡೂ ಸೇರಿ ಕೆಡಿಸುತ್ತವೆ. ಹಳೆಯದರ ಮೇಲೆ ಹೊಸ ಎಣ್ಣೆ ಸುರಿದು ‘ಸರಿಮಾಡಿದೆ’ ಎನ್ನುವುದು ದುಡ್ಡಿನ ಲೆಕ್ಕದಲ್ಲೂ ನಷ್ಟ, ಯಾಕೆಂದರೆ ಹಳೆ ಎಣ್ಣೆ ಹೊಸದನ್ನೂ ತನ್ನ ಜೊತೆ ಬೇಗ ಎಳೆದುಕೊಂಡು ಹೋಗುತ್ತದೆ. ಒಂದೇ ಎಣ್ಣೆಯಲ್ಲಿ ಮೂರು ಸಲಕ್ಕಿಂತ ಹೆಚ್ಚು ಕರಿಯಬಾರದು ಎನ್ನುವುದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಲಹೆ.

ಕಟ್ ಮಿರ್ಚಿಗೆ ಬಂದರೆ ನಾಲ್ಕು ಅಂಕ ಎರಡೂವರೆಗೆ ಇಳಿಯುತ್ತದೆ. ಕರಿದ ಬಜಿ ಕತ್ತರಿಸುವ ಹಲಗೆ, ಚಾಕು, ಮೇಲೆ ಬೀಳುವ ಹಸಿ ಉಳ್ಳಾಗಡ್ಡಿ, ಕೋತಂಬರಿ ಎಲ್ಲವೂ ಬೆಂಕಿ ದಾಟಿದ ಮೇಲೆ ಸೇರುವಂಥವು. ಗಾಡಿಯ ಮುಂದೆ ನಿಂತು ಇಷ್ಟು ಕೇಳಿದರೆ ಸಾಕು:

‘ಅಣ್ಣಾರ, ಉಳ್ಳಾಗಡ್ಡಿ ಈಗ ಹೆಚ್ಚಿ ಹಾಕ್ತೀರೇನ್ರಿ?’

‘ಹೆಚ್ಚಿದ್ದ ಐತ್ರಿ.’

‘ಹಂಗಿದ್ರ ಬ್ಯಾಡ್ರಿ, ಬರೀ ಬಜಿ ಕೊಡ್ರಿ. ಕಡಾಯದಾಗಿಂದ ತಗದ ಕೊಡ್ರಿ.’

ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾಲ್ಕು ಗಿರಾಕಿಗಳು ಹೀಗೆ ಕೇಳಿದರೆ ಐದನೆಯವರಿಗೆ ಅವರೇ ಆಗಿಂದಾಗ ಹೆಚ್ಚಿ ಹಾಕುತ್ತಾರೆ.

ಗಿರಮಿಟ್: ಮೂರೂವರೆ. ಇದರ ಮುಖ್ಯ ಸಾಮಾನು ಎರಡೂ ಒಣ: ಚುರಮರಿ ಮತ್ತು ಪುಟಾಣಿ ಹಿಟ್ಟು. ಹುಣಸೆ, ಬೆಲ್ಲ, ಉಳ್ಳಾಗಡ್ಡಿ ಹಾಕಿ ಕುದಿಸಿದ ಒಗ್ಗರಣೆ ಹುಳಿಯೂ ಹೌದು, ಬೆಂದದ್ದೂ ಹೌದು. ನಮ್ಮ ಹಿರಿಯರು ಕಟ್ಟಿದ ತಿನಿಸು ತನ್ನ ರಕ್ಷಣೆಯನ್ನು ತಾನೇ ಮಾಡಿಕೊಳ್ಳುತ್ತದೆ. ತಪ್ಪುವುದು ಕಲಸುವಾಗ. ಬೋಗುಣಿಗೆ ಕೈ ಹಾಕಿ ಕಲಸಿ, ಅದೇ ಹಸಿ ಕೈಯನ್ನು ಪುಟಾಣಿ ಹಿಟ್ಟಿನ ಡಬ್ಬಿಗೆ ಹಾಕಿದರೆ ಒಣ ಹಿಟ್ಟು ಅಲ್ಲಲ್ಲಿ ಗಂಟು ಕಟ್ಟುತ್ತದೆ. ಡಬ್ಬಿಯೊಳಗೆ ಆ ಗಂಟು ಕಂಡರೆ ಮುಂದಿನ ಗಾಡಿ ನೋಡಿಕೊಳ್ಳಿ. ಉದ್ದ ಹಿಡಿಕೆಯ ಎರಡು ಚಮಚ ಇದ್ದರೆ ಈ ತಾಪತ್ರಯವೇ ಇಲ್ಲ. ಪೇಪರ್ ಸುರುಳಿಯಲ್ಲಿ ಕೊಟ್ಟರೆ ಬೇಡ ಎನ್ನಿ. ಅಚ್ಚಿನ ಶಾಯಿ ಬಿಸಿಗೂ ಎಣ್ಣೆಗೂ ಬಿಟ್ಟುಕೊಳ್ಳುತ್ತದೆ. ಹಳೆ ಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು 2018ರ ಪ್ಯಾಕೇಜಿಂಗ್ ನಿಯಮ ನಿಷೇಧಿಸಿದೆ. ಮುತ್ತುಗದ ಎಲೆಯ ಪತ್ರೋಳಿಯೋ ಕಬ್ಬಿನ ಸಿಪ್ಪೆಯಿಂದ ಮಾಡಿದ ತಟ್ಟೆಯೋ ಈ ಸೀಮೆಯಲ್ಲಿ ಸಿಗದ ವಸ್ತುವಲ್ಲ.

ಕೋತಂಬರಿ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಅದು ಎಲ್ಲ ಗಾಡಿಯಲ್ಲೂ ಇದೆ. ಸೂಡು ಬಿಚ್ಚದೆ ಬಕೀಟಿನಲ್ಲಿ ಅದ್ದಿ ತೆಗೆದರೆ ಬೇರಿನ ಮಣ್ಣು ಎಲೆಗೆ ಹತ್ತುತ್ತದೆ. ಮೊದಲು ಬೇರು ಕತ್ತರಿಸಿ ಬಿಸಾಕಬೇಕು. ಎರಡು ನೀರಿನಲ್ಲಿ ಜಾಲಾಡಿಸಬೇಕು. ಆಮೇಲೆ ಹತ್ತು ಲೀಟರ್ ನೀರಿಗೆ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 10 ಮಿಲಿ, ಅಂದರೆ ಎರಡು ಚಹಾ ಚಮಚ, ಹಾಕಿದರೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಅದರಲ್ಲಿ ಐದು ನಿಮಿಷ ಮುಳುಗಿಸಿ, ಕುಡಿಯುವ ನೀರಿನಲ್ಲಿ ತೊಳೆದು, ಜರಡಿಯಲ್ಲಿ ಬಸಿಯಬೇಕು. ದ್ರಾವಣಕ್ಕೆ ಪರಿಮಳ, ಸೋಪು ಬೆರೆಸಿರಬಾರದು. ಮಣ್ಣು ತೊಳೆಯದೆ ನೇರವಾಗಿ ಕ್ಲೋರಿನ್ ನೀರಿಗೆ ಹಾಕಿದರೆ ಮಣ್ಣೇ ಕ್ಲೋರಿನ್ನನ್ನು ನುಂಗಿಬಿಡುತ್ತದೆ, ಎಲೆಗೆ ಏನೂ ಉಳಿಯುವುದಿಲ್ಲ. ಈ ಕೆಲಸಕ್ಕೆ ದಿನಕ್ಕೆ ಒಂದೆರಡು ರೂಪಾಯಿ ಖರ್ಚೂ ಬರುವುದಿಲ್ಲ.

ಪಾನಿಪೂರಿ: ಒಂದೂವರೆ, ಅದೂ ಸೌಟು ಇದ್ದರೆ. ಪೂರಿ ಒಣ, ಅದಕ್ಕೆ ದೋಷವಿಲ್ಲ. ಬೆಂದ ಆಲೂಗಡ್ಡೆ ಕೈಯಲ್ಲಿ ಹಿಸುಕಿ ಸಂಜೆಯಿಡೀ ತೆರೆದಿಡುವುದು ಮೊದಲ ತಪ್ಪು. ಬೆಂದ, ತೇವದ, ಹುಳಿಯಿಲ್ಲದ ಪಿಷ್ಟಕ್ಕಿಂತ ಸೂಕ್ಷ್ಮಾಣುಗಳಿಗೆ ಒಳ್ಳೆಯ ಜಾಗ ಸಿಗುವುದು ಕಷ್ಟ. 5ರಿಂದ 60 ಡಿಗ್ರಿ ನಡುವೆ ಅವು ಬೆಳೆಯುತ್ತವೆ. ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ. ಒಂದು ಇದ್ದದ್ದು ಆರು ತಾಸಿನಲ್ಲಿ ಎರಡೂವರೆ ಲಕ್ಷ ದಾಟುತ್ತದೆ. ಬೆಂದ ಆಹಾರ ಹೊರಗಿಡಲು ಸಾಮಾನ್ಯ ಮಿತಿ ಎರಡು ತಾಸು. ಹವೆ 32 ಡಿಗ್ರಿ ದಾಟಿದರೆ ಒಂದೇ ತಾಸು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರಕ್ಕೆ ಎರಡನೆಯ ಲೆಕ್ಕವೇ ಸರಿ. ಆಲೂ ಸಿಪ್ಪೆ ಸಮೇತ ಬೇಯಿಸಿ ತಂದು, ಬೇಕಾದಾಗ ನಾಲ್ಕೈದು ಸುಲಿದು, ಚಮಚದಿಂದ ಹಿಸುಕುವುದು ಮಾಡಬಹುದಾದ ಕೆಲಸ.

ಎರಡನೆಯದು ಆ ಹಸಿರು ನೀರು. ಹುಳಿ ಇದೆಯಲ್ಲ, ಏನೂ ಆಗುವುದಿಲ್ಲ ಎನ್ನುತ್ತಾರೆ. ಹುಳಿ ಬೆಳವಣಿಗೆ ತಡೆಯುತ್ತದೆ ನಿಜ, ಆದರೆ ಈಗಾಗಲೇ ಬಿದ್ದದ್ದನ್ನು ಪೂರ್ತಿ ಕೊಲ್ಲುವುದಿಲ್ಲ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಹುಳಿಗೆ ಜಗ್ಗುವುದೇ ಇಲ್ಲ. ಮಣಿಕಟ್ಟಿನ ತನಕ ಕೈ ಅದ್ದಿ ಪೂರಿ ತುಂಬುವ ಗಾಡಿಯಲ್ಲಿ ಅದೇ ಕೈ ಬೆವರು ಒರೆಸುತ್ತದೆ, ಚಿಲ್ಲರೆ ಕೊಡುತ್ತದೆ, ಮತ್ತೆ ನೀರಿಗಿಳಿಯುತ್ತದೆ. ಹತ್ತಿರದಿಂದ ನೋಡಿ: ಉಗುರಿನ ಸಂದಿಯಲ್ಲಿ ಮಧ್ಯಾಹ್ನದ ಆಲೂ ಒಣಗಿ ಬೆಳ್ಳಗೆ ಕೂತಿರುತ್ತದೆ. ನಳ ಇರುವ ಮುಚ್ಚಿದ ಜಾಡಿಯಿಂದ ನೀರು ಬಿಡುವ ಗಾಡಿಗಳೂ ಬಂದಿವೆ. ಅಂಥವಕ್ಕೆ ಒಂದು ಅಂಕ ಜಾಸ್ತಿ ಕೊಡಲು ಅಡ್ಡಿಯಿಲ್ಲ.

ಆ ನೀರು ಎಲ್ಲಿಂದ ಬಂತು ಎನ್ನುವುದು ಇಡೀ ಮಾರ್ಕೆಟ್‌ಗೆ ಕೇಳಬೇಕಾದ ಪ್ರಶ್ನೆ. ನಳದ ನೀರಿಗೆ ಕ್ಲೋರಿನ್ ಹಾಕಿ ಬಿಡುತ್ತಾರೆ. ಆದರೆ ನೀರು ದಿನಾ ಬರದ ಊರಿನಲ್ಲಿ ಅದನ್ನು ಡ್ರಮ್ಮಿನಲ್ಲಿ ತುಂಬಿಟ್ಟಾಗ ದಿನ ಕಳೆದಂತೆ ಕ್ಲೋರಿನ್ ಇಳಿಯುತ್ತದೆ. ಇನ್ನು 20 ಲೀಟರ್ ಕ್ಯಾನ್. ಸೀಲ್ ಇರುವ, ಪ್ಯಾಕ್ ಮಾಡಿದ ಕುಡಿಯುವ ನೀರಿನ ಮಾನಕವಾದ ಐಎಸ್ 14543 ಗುರುತಿರುವ ಕ್ಯಾನ್ ಬೇರೆ. ಬಡಾವಣೆಯ ಘಟಕದಲ್ಲಿ ತುಂಬಿಸಿ ತಂದ ಆರ್‌ಒ ನೀರು ಬೇರೆ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಹಾಗಾಗಿ ಅದಕ್ಕೊಮ್ಮೆ ಹೊಲಸು ಲೋಟ ಅದ್ದಿದರೆ ತಡೆಯುವವರು ಯಾರೂ ಇಲ್ಲ. ‘ಫಿಲ್ಟರ್ ನೀರ್ರಿ’ ಎಂದು ಹೇಳಿ ಚರಿಗೆ ಅದ್ದಿ ಕೊಟ್ಟರೆ ಆ ನಾಲ್ಕು ಅಕ್ಷರಕ್ಕೆ ಬೆಲೆಯಿಲ್ಲ. ಕ್ಯಾನಿಗೆ ನಳ ಇದೆಯೇ ಎನ್ನುವುದನ್ನಷ್ಟೇ ನೋಡಿ.

ತಾಟು ತೊಳೆಯುವುದಕ್ಕೂ ಇದೇ ಮಾತು. ಒಂದೇ ಬಕೀಟಿನಲ್ಲಿ ಮುಳುಗಿಸಿ ಎತ್ತುವುದು ತೊಳೆಯುವುದಲ್ಲ. ಮೊದಲ ಗಿರಾಕಿಯ ಎಂಜಲನ್ನು ನೂರನೆಯ ಗಿರಾಕಿಗೆ ಮುಟ್ಟಿಸುವುದು. ನಳದ ಕೆಳಗೆ ಒಂದು ತಾಟಿಗೆ ಕಾಲು ಲೀಟರ್ ಎಂದು ಹಿಡಿದರೆ 20 ಲೀಟರಿನ ಒಂದು ಕ್ಯಾನಿನಲ್ಲಿ 80 ತಾಟು ಆಗುತ್ತವೆ. ಸಂಜೆಗೆ 150 ಪ್ಲೇಟ್ ಹೋಗುವ ಗಾಡಿಗೆ ತೊಳೆಯಲು ಎರಡು ಕ್ಯಾನ್, ಕುಡಿಯಲು, ಕೈಗೆ ಇನ್ನೆರಡು. ನಾಲ್ಕು ಕ್ಯಾನ್ ನೀರಿನ ತೂಕವೇ 80 ಕೆಜಿ. ಅದನ್ನು ತಳ್ಳಿಕೊಂಡು ಬರುವವರ ಕಷ್ಟ ಸಣ್ಣದಲ್ಲ. ಗಾಡಿ ನಿಲ್ಲುವ ಸಾಲಿಗೆ ಒಂದು ನಳ, ಒಂದು ಚರಂಡಿ ಸಿಕ್ಕರೆ ಹತ್ತು ತರಬೇತಿ ಮಾಡದ ಕೆಲಸ ಆಗುತ್ತದೆ. ಬೋರಿನ ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ ಎಂದು ಸೋಪನ್ನೇ ಬಿಡುವವರಿದ್ದಾರೆ. ಸೋಪಿನ ಬದಲು ಪಾತ್ರೆ ತೊಳೆಯುವ ದ್ರವ ಬಳಸಿದರೆ ಗಡಸು ನೀರಿನಲ್ಲೂ ಜಿಡ್ಡು ಹೋಗುತ್ತದೆ. ಆ ಬಕೀಟಿಗಿಂತ ದೊಡ್ಡ ಕೇಡು ತಾಟು ಒರೆಸುವ ಅರಿವೆ. ಗಾಡಿ ಒರೆಸಿದ್ದೇ ಅರಿವೆ ತಾಟಿಗೂ ಬರುತ್ತದೆ. ಒರೆಸದೆ ಬೋರಲು ಹಾಕಿ ಬಸಿದರೆ ಸಾಕು.

ಕೈಗವಸಿನ ಬಗ್ಗೆ ಒಂದೇ ಮಾತು: ನಂಬಬೇಡಿ. ಗವಸು ಹಾಕಿದವರಿಗೆ ತಮ್ಮ ಕೈ ಹೊಲಸಾದದ್ದು ಗೊತ್ತಾಗುವುದಿಲ್ಲ. ಅದರಲ್ಲೇ ನೋಟು, ಸಿಲಿಂಡರ್, ಮೊಬೈಲ್ ಎಲ್ಲ ಮುಟ್ಟುತ್ತಾರೆ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆದ ಬರಿಗೈ ಅದಕ್ಕಿಂತ ಮೇಲು. ಗಂಡ ಹೆಂಡತಿ ಇಬ್ಬರೂ ನಿಲ್ಲುವ ಗಾಡಿಯಲ್ಲಿ ಒಬ್ಬರು ರೊಕ್ಕ ನೋಡಿ ಇನ್ನೊಬ್ಬರು ತಿಂಡಿ ನೋಡಿದರೆ ಅರ್ಧ ಸಮಸ್ಯೆ ಮುಗಿಯಿತು. ಒಬ್ಬರೇ ಇರುವ ಗಾಡಿಗೆ ಫೋನ್‌ಪೇ ಸ್ಕ್ಯಾನರ್ ಆ ಎರಡನೆಯ ಕೈ.

ಗೋಬಿ ಮಂಚೂರಿ: ಎರಡು. ಕೃತಕ ಬಣ್ಣ ಹಾಕಿದ ಗೋಬಿ ಮಂಚೂರಿಯನ್ನು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತು. ಕಾಟನ್ ಕ್ಯಾಂಡಿಯಲ್ಲಿ ರೋಡಮೈನ್ ಬಿ ಎಂಬ ಕೃತಕ ಬಣ್ಣದ ಬಳಕೆ ತಡೆದದ್ದೂ ಅದೇ ಆದೇಶ. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ ಬಂತು. ಬ್ಯಾಡಗಿ ಮೆಣಸಿನಕಾಯಿ ಪುಡಿಯ ಕೆಂಪು ಇಟ್ಟಿಗೆ ಬಣ್ಣಕ್ಕೆ ಹತ್ತಿರ ಇರುತ್ತದೆ, ಎಣ್ಣೆಗೆ ಬಿಟ್ಟುಕೊಳ್ಳುತ್ತದೆ. ಬೆರಳಿಗೆ ಹತ್ತಿ ತೊಳೆದರೂ ಹೋಗದ ಥಳಥಳ ಕೆಂಪು ಡಬ್ಬಿಯದ್ದು. ಹೂಕೋಸನ್ನು ಬಿಡಿಸಿ ಉಪ್ಪಿನ ಬಿಸಿನೀರಿನಲ್ಲಿ ಹಾಕದೆ ಹಾಗೇ ಹಿಟ್ಟಿಗದ್ದಿದರೆ ಹುಳ ಒಳಗೇ ಬೇಯುತ್ತದೆ.

ಎಗ್ ರೈಸ್: ಮೊದಲ ತಾಸಿನಲ್ಲಿ ಮೂರು, ರಾತ್ರಿ ಒಂಬತ್ತರ ಮೇಲೆ ಒಂದು. ಮಧ್ಯಾಹ್ನ ಬೇಯಿಸಿದ ಅನ್ನ ದೊಡ್ಡ ಬುಟ್ಟಿಯಲ್ಲಿ ತುಂಬಿ, ಬಟ್ಟೆ ಮುಚ್ಚಿ ಗಾಡಿ ಪಕ್ಕ ಇಡುತ್ತಾರೆ. ಅಕ್ಕಿಯ ಜೊತೆಗೇ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣ ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ರಾಶಿಯ ನಡುವೆ ಅದು ಮೊಳೆತು ವಾಂತಿ ತರಿಸುವ ವಿಷ ಬಿಡುತ್ತದೆ. ಆ ವಿಷ ತವೆಯ ಉರಿಗೂ ಹೋಗುವುದಿಲ್ಲ. ಇನ್ನೊಮ್ಮೆ ಬಿಸಿ ಮಾಡುವುದು ಸೋಲುವುದು ಇಲ್ಲಿಯೇ. ಅನ್ನವನ್ನು ಅಗಲ ಪರಾತದಲ್ಲಿ ಎರಡು ಇಂಚಿಗಿಂತ ತೆಳ್ಳಗೆ ಹರಡಿ ಬೇಗ ಆರಿಸಿ ತಣ್ಣಗಿಡಬೇಕು, ಇಲ್ಲವೇ ಗಾಡಿಯಲ್ಲೇ ಎರಡೆರಡು ಕೆಜಿ ಬೇಯಿಸುತ್ತ ಹೋಗಬೇಕು. ಕುಕ್ಕರ್ ಸೀಟಿ ಕೇಳುವ ಗಾಡಿಯನ್ನು ಆರಿಸಿಕೊಳ್ಳಿ.

ಕಬ್ಬಿನ ಹಾಲು: ಐಸ್ ಇಲ್ಲದೆ ಮೂರು, ಐಸ್ ಹಾಕಿದರೆ ಒಂದು. ಗೋಣಿಚೀಲದಲ್ಲಿ ಬಂದು ನೆಲದ ಮೇಲೆ ಒಡೆಸಿಕೊಂಡ ಗಡ್ಡೆ ಆ ಐಸ್. ತಣ್ಣಗಾದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ, ಸುಮ್ಮನೆ ಕಾಯುತ್ತದೆ. ಗಾಣದ ಉರುಳೆಗೆ ಹಳೆ ಸಿಪ್ಪೆ ಅಂಟಿದ್ದರೆ ಮೊದಲ ಲೋಟ ನಿಮ್ಮದಾಗದಿರಲಿ.

ಪೂರ್ತಿ ಐದು ಅಂಕ ಸಿಗುವುದು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಮಾರುವ ಅಕ್ಕಂದಿರಿಗೆ. ಒಂದು ಒಣಗಿ ಉಳಿಯುತ್ತದೆ, ಇನ್ನೊಂದು ಪುಡಿಯಾಗಿ, ಮತ್ತೊಂದು ಹುಳಿಯಾಗಿ. ಮೇಲೆ ಸ್ವಚ್ಛ ಬಿಳಿ ಅರಿವೆ. ನೀರೇ ಬೇಡದ ವ್ಯಾಪಾರ.

ಗಾಡಿಗೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ ಇದ್ದರೆ ಒಳ್ಳೆಯದು. ಆದರೆ ಅದು ಕೈ ತೊಳೆದದ್ದಕ್ಕೆ ಸಾಕ್ಷಿಯಲ್ಲ, ದೂರು ಕೊಡಲು ಬೇಕಾದ ವಿಳಾಸ. ಅದೇ ಸಂಖ್ಯೆ ಹಾಕಿ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಬರೆಯಬಹುದು. ಬರೆಯುವ ಮೊದಲು ತಾಸಿನ ಲೆಕ್ಕ ಹಾಕಿ, ಇಲ್ಲದಿದ್ದರೆ ತಪ್ಪು ಮಾಡದವರ ಮೇಲೆ ಗೂಬೆ ಕೂರುತ್ತದೆ. ತಿಂದು ಒಂದರಿಂದ ಆರು ತಾಸಿನೊಳಗೆ ವಾಂತಿಯಾದರೆ ಮೊದಲೇ ವಿಷ ಸೇರಿದ್ದ ಆಹಾರ, ಅಂದರೆ ಅನ್ನ ಅಥವಾ ಕೈಯಲ್ಲಿ ಹಿಸುಕಿದ ಆಲೂ ಮೇಲೆ ಸಂಶಯ. ಭೇದಿ ತರುವ ಸಾಲ್ಮೊನೆಲ್ಲಾ ಸೂಕ್ಷ್ಮಾಣು ಆರು ತಾಸಿನಿಂದ ಮೂರು ದಿನದ ತನಕ ತೆಗೆದುಕೊಳ್ಳುತ್ತದೆ. ಟೈಫಾಯ್ಡ್ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಬೇಕು, ಹೆಪಟೈಟಿಸ್ ಎ ಕಾಮಾಲೆಗೆ ಎರಡರಿಂದ ಏಳು ವಾರ. ಇಂದು ಕಣ್ಣು ಹಳದಿಯಾದರೆ ನಿನ್ನೆಯ ಬಜಿಯನ್ನು ಬೈಯಬೇಡಿ, ಹೋದ ತಿಂಗಳು ಕುಡಿದ ನೀರನ್ನು ನೆನಪಿಸಿಕೊಳ್ಳಿ. ಭೇದಿಗೆ ಒಂದು ಲೀಟರ್ ಪ್ಯಾಕೆಟ್ ಓಆರ್‌ಎಸ್ ಅನ್ನು ಸರಿಯಾಗಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ ಕಂಡರೆ, ಮಗುವಿನ ಕಣ್ಣು ಒಳಸೇರಿದರೆ, ಮೂತ್ರ ನಿಂತರೆ ಮನೆಯಲ್ಲಿ ಕಾಯದೆ ದವಾಖಾನೆಗೆ ಹೋಗಿ.